ಕಟ್ಟಡದ ಪರವಾನಗಿಯೂ ಗಣಕಯಂತ್ರವೂ: ಆಳಂದ, ಅಫಜಲಪುರ, ಜೇವರ್ಗಿಗಳ ನಿದರ್ಶನ

ಮನೆಯನ್ನು ಕಟ್ಟುವವನು ಮೊದಲು ಅಧಿಕಾರಸ್ಥಾನದ ಅನುಮತಿಯನ್ನು ಪಡೆಯಬೇಕೆಂಬ ಪದ್ಧತಿಯು ಇಂದು ಎಲ್ಲೆಡೆಯೂ ರೂಢವಾಗಿರುವುದು. ಈ ಅನುಮತಿಯಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ನಿವೇಶನವು ಯಾರದು ಎಂಬುದು ಒಂದು. ಕಟ್ಟಡವು ನಿಯಮಕ್ಕೆ ಒಪ್ಪುವುದೇ ಎಂಬುದು ಮತ್ತೊಂದು. ಪರವಾನಗಿಯ ಕಾರ್ಯವನ್ನು ಗಣಕಯಂತ್ರಕ್ಕೆ ಒಪ್ಪಿಸುವ ಸಂಶೋಧನೆಯು ಬಹುಮಟ್ಟಿಗೆ ಎರಡನೆಯ ಪ್ರಶ್ನೆಯನ್ನೇ ಹಿಡಿದು ನಡೆದಿದೆ. ಆದರೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಂತಹ ಪ್ರದೇಶದಲ್ಲಿ ಮೊದಲನೆಯ ಪ್ರಶ್ನೆಯು ತೀರದೆ ಎರಡನೆಯದಕ್ಕೆ ಉತ್ತರ ದೊರೆತರೂ ಪ್ರಯೋಜನವಿಲ್ಲ.

ಇಂತಹ ನಿಯಮಗಳು ನಮ್ಮ ದೇಶಕ್ಕೆ ಹೊಸವಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಗೃಹವಾಸ್ತುವಿನ ವಿಚಾರವುಂಟು. ನೆರೆಮನೆಗಳ ನಡುವಣ ಅಂತರ, ನೀರು ಹರಿಯುವ ಕಾಲುವೆ, ಬೆಳಕಿಗಾಗಿ ಇಡತಕ್ಕ ಕಿಟಕಿ ಮೊದಲಾದವುಗಳನ್ನು ಅಲ್ಲಿ ವಿಧಿಸಿ, ತಪ್ಪಿದವರಿಗೆ ದಂಡವನ್ನೂ ಹೇಳಿದೆ. ಅದರೊಡನೆಯೇ ನೆರೆಯವರು ಪರಸ್ಪರ ಒಪ್ಪಿ ತಮಗೆ ಬೇಕಾದಂತೆ ಕಟ್ಟಿಕೊಳ್ಳುವುದಕ್ಕೂ ಎಡೆಗೊಟ್ಟಿದೆ. ಅಳತೆಯಿಂದ ತೀರುವುದು, ಸಮ್ಮತಿಯಿಂದ ತೀರುವುದು ಎಂಬ ಭೇದವು ಅಷ್ಟು ಹಳೆಯದು.

ಇಂದಿನ ಕರ್ನಾಟಕದಲ್ಲಿ ಪಟ್ಟಣಗಳ ಕಟ್ಟಡಗಳಿಗೆ ೧೯೬೪ರ ಪುರಸಭೆಗಳ ಅಧಿನಿಯಮದ ೧೮೭ನೆಯ ಪ್ರಕರಣವೂ, ಹಳ್ಳಿಗಳ ಕಟ್ಟಡಗಳಿಗೆ ೧೯೯೩ರ ಪಂಚಾಯತ್ ರಾಜ್ ಅಧಿನಿಯಮದ ೬೪ನೆಯ ಪ್ರಕರಣವೂ ಆಧಾರ. ವ್ಯವಸಾಯದ ಭೂಮಿಯನ್ನು ಬೇರೆ ಉಪಯೋಗಕ್ಕೆ ತಿರುಗಿಸುವ ವಿಷಯವು ೧೯೬೪ರ ಭೂಕಂದಾಯ ಅಧಿನಿಯಮದ ೯೫ನೆಯ ಪ್ರಕರಣದಲ್ಲಿದೆ. ಹೀಗೆ ಒಂದೇ ತಾಲ್ಲೂಕಿನೊಳಗೆ ಕಂದಾಯದ ಕಚೇರಿ, ಪಟ್ಟಣದ ಸಂಸ್ಥೆ, ಗ್ರಾಮ ಪಂಚಾಯತಿಗಳೆಂಬ ಮೂರು ಕಡೆ ಕಾಗದಪತ್ರಗಳು ಹಂಚಿಹೋಗಿರುತ್ತವೆ.

ಅವುಗಳ ಹಿಂದೆ ಇನ್ನೊಂದು ಪದರವುಂಟು. ಈ ಮೂರು ತಾಲ್ಲೂಕುಗಳ ಸೀಮೆಯು ೧೯೪೮ರವರೆಗೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದು, ೧೯೫೬ರಲ್ಲಿ ಅಂದಿನ ಮೈಸೂರು ರಾಜ್ಯದೊಡನೆ ಕೂಡಿತು. ಆ ಸಂಸ್ಥಾನದ ಆಡಳಿತಭಾಷೆಯು ಮೊದಲು ಪಾರಸಿಯಾಗಿದ್ದು, ೧೮೮೪ರಲ್ಲಿ ಉರ್ದುವಾಯಿತು. ‘ಪರವಾನಗಿ’, ‘ನಕ್ಷೆ’, ‘ಮಂಜೂರಿ’, ‘ದಾಖಲೆ’ ಎಂಬ ಮಾತುಗಳೇ ಆ ಬಗೆಯ ಆಡಳಿತಗಳ ಗುರುತನ್ನು ಉಳಿಸಿಕೊಂಡಿವೆ. ಹಳೆಯ ಬರಹವನ್ನು ಓದಿ, ಅದರಲ್ಲಿರುವ ಹೆಸರೂ ಇಂದಿನ ಹೆಸರೂ ಒಂದೇ ಎಂದು ನಿರ್ಣಯಿಸುವುದು ಪಾಠಸಂಶೋಧಕನ ಕೆಲಸವನ್ನು ಹೋಲುವುದು. ಇದನ್ನು ಯಂತ್ರವು ತಾನಾಗಿ ಮಾಡಲಾರದು.

ಯಂತ್ರವು ಮಾಡಬಲ್ಲುದೇನು? ಅಮೆರಿಕದ ಫೆನ್ವೆಸ್ ಎಂಬ ವಿದ್ವಾಂಸರು ೧೯೬೬ರಲ್ಲಿ, ಕಟ್ಟಡಶಾಸ್ತ್ರದ ನಿಯಮವಾಕ್ಯಗಳನ್ನು ‘ಹೀಗಿದ್ದರೆ ಹೀಗೆ’ ಎಂಬ ನಿರ್ಣಯಕೋಷ್ಠಕಗಳಾಗಿ ಒಡೆದು ತೋರಿಸಿದರು. ಸಿಂಗಪುರವು ೧೯೯೫ರಲ್ಲಿ ಆರಂಭಿಸಿದ ‘ಕೋರ್‌ನೆಟ್’ ಎಂಬ ಯೋಜನೆಯ ಅಂಗವಾಗಿ ಈ ಬಗೆಯ ಪರೀಕ್ಷೆಯು ಪ್ರಯೋಗಕ್ಕೆ ಬಂದಿತು. ಕ್ರಮವು ಸ್ಥೂಲವಾಗಿ ಇಂತಿರುವುದು. ನಕ್ಷೆಯಲ್ಲಿನ ಗೆರೆಗಳಿಗೆ ಗೋಡೆ, ಬಾಗಿಲು, ಕಿಟಕಿ, ಕೋಣೆ ಎಂಬ ಹೆಸರುಗಳನ್ನು ಮೊದಲು ಕೊಡಬೇಕು. ಬಳಿಕ ನಿಯಮವನ್ನು ಅಂಕಿಗೆ ಇಳಿಸಬೇಕು. ಆಮೇಲೆ ಯಂತ್ರವು ಒಂದನ್ನೊಂದಕ್ಕೆ ಹೋಲಿಸಿ, ಒಪ್ಪಿದ್ದನ್ನೂ ಒಪ್ಪದ್ದನ್ನೂ ಪಟ್ಟಿಮಾಡುವುದು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ‘ಕೋಣೆಗೆ ಸಾಕಷ್ಟು ಗಾಳಿ ಬೆಳಕು ಇರಬೇಕು’ ಎಂಬ ವಾಕ್ಯವು ಮನುಷ್ಯನಿಗೆ ತಿಳಿಯುವುದು. ‘ಸಾಕಷ್ಟು’ ಎಂಬುದು ಯಂತ್ರಕ್ಕೆ ತಿಳಿಯದು. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯು ಇದನ್ನು ಅಂಕಿಗೆ ಇಳಿಸಿ, ಶುಷ್ಕವಾದ ಉಷ್ಣಪ್ರದೇಶದಲ್ಲಿ ಕಿಟಕಿಗಳ ವಿಸ್ತಾರವು ನೆಲದ ಹತ್ತನೆಯ ಒಂದು ಪಾಲಿಗೂ, ತೇವದ ಉಷ್ಣಪ್ರದೇಶದಲ್ಲಿ ಆರನೆಯ ಒಂದು ಪಾಲಿಗೂ ಕಡಮೆಯಾಗಬಾರದೆನ್ನುವುದು. ೧೦ ಅಡಿ ಅಗಲ, ೧೨ ಅಡಿ ಉದ್ದದ ಕೋಣೆಯ ನೆಲವು ೧೨೦ ಚದರಡಿ. ಅದಕ್ಕೆ ಮೊದಲನೆಯ ಲೆಕ್ಕದಲ್ಲಿ ೧೨, ಎರಡನೆಯದರಲ್ಲಿ ೨೦ ಚದರಡಿ ಕಿಟಕಿ ಬೇಕಾಗುವುದು. ಆದರೆ ದಪ್ಪ ಗೋಡೆಯ ಮೇಲೆ ಮಣ್ಣಿನ ಮಾಳಿಗೆ ಹಾಕಿ, ಬಿಸಿಲಿನ ಝಳಕ್ಕೆ ಅಂಜಿ ಗೋಡೆಯಲ್ಲಿ ಕಿಟಕಿಗಳನ್ನು ಕಿರಿದು ಮಾಡಿ, ಮಾಳಿಗೆಯ ಬೆಳಕಿಂಡಿಯಿಂದ ಬೆಳಕನ್ನು ತರುವ ಮನೆಯನ್ನು ಯಂತ್ರವು ತಿರಸ್ಕರಿಸೀತು. ಬೆಳಕಿಂಡಿಯನ್ನು ಲೆಕ್ಕಕ್ಕೆ ಹಿಡಿಯೆಂದು ಅದಕ್ಕೆ ಯಾರೂ ಹೇಳಿಲ್ಲದಿದ್ದರೆ, ದೋಷವು ಮನೆಯದಲ್ಲ, ನಿಯಮವನ್ನು ಭಾಷಾಂತರಿಸಿದವರದು.

ಇನ್ನು ನಿವೇಶನದ ಪ್ರಶ್ನೆ. ‘ಭೂಮಿ’ ಯೋಜನೆಯಿಂದ ೨೦೦೦ದ ಸುಮಾರಿಗೆ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಆದರೆ ಪಹಣಿಯು ಹೊಲದ ದಾಖಲೆ. ಗ್ರಾಮಠಾಣದೊಳಗೆ ಒತ್ತೊತ್ತಾಗಿ ನಿಂತ ಹಳೆಯ ಮನೆಗಳಿಗೆ ಅದರಿಂದ ಆಧಾರ ದೊರೆಯದು. ಈ ಕೊರತೆಯನ್ನು ನೀಗಲು ೨೦೧೩ರಲ್ಲಿ ‘ಇ-ಸ್ವತ್ತು’ ಎಂಬ ವ್ಯವಸ್ಥೆಯು ಬಂದು, ಹಳ್ಳಿಯ ಆಸ್ತಿಗೆ ೯ನೆಯ ಮತ್ತು ೧೧ನೆಯ ನಮೂನೆಗಳನ್ನು ಯಂತ್ರದ ಮೂಲಕ ಕೊಡುವ ಪರಿಪಾಠವಾಯಿತು. ೨೦೨೦ರಲ್ಲಿ ಆರಂಭವಾದ ‘ಸ್ವಾಮಿತ್ವ’ ಯೋಜನೆಯಲ್ಲಿ ಡ್ರೋನುಗಳಿಂದ ಊರೊಳಗಿನ ಮನೆಗಳನ್ನು ಅಳೆಯತೊಡಗಿದರು. ಇವುಗಳಿಂದ ಗೋಡೆಯು ಎಲ್ಲಿದೆಯೆಂಬುದು ತಿಳಿಯುವುದು. ಬಾಯಿಮಾತಿನಿಂದ ಪಾಲಾದ ಅಣ್ಣತಮ್ಮಂದಿರ ಮನೆಯಲ್ಲಿ ಯಾವ ಕೋಣೆ ಯಾರದು, ಮಗಳ ಹಕ್ಕು ಎಷ್ಟು ಎಂಬುದು ಮೇಲಿನಿಂದ ಕಾಣದು. ಹೆಸರು ದಾಖಲೆಯಲ್ಲಿಲ್ಲದವರ ಅರ್ಜಿಯು ಮೊದಲ ಮೆಟ್ಟಿಲಿನಲ್ಲಿಯೇ ನಿಲ್ಲುವುದು. ಹಿಂದೆ ಗುಮಾಸ್ತನೊಡನೆ ಮಾತನಾಡಿ ಕಾರಣವನ್ನು ತಿಳಿಯುತ್ತಿದ್ದವರಿಗೆ ಯಂತ್ರದ ನಿರಾಕರಣೆಯು ಮೂಕವಾಗಿರುವುದು.

ನೆಲದ ಗುಣವೂ ಗಣನೀಯ. ಈ ಸೀಮೆಯ ಎರೆಭೂಮಿಯು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ತಳಪಾಯಕ್ಕೆ ವಿಶೇಷ ಎಚ್ಚರಿಕೆ ಬೇಕು. ೨೦೨೦ರ ಅಕ್ಟೋಬರಿನಲ್ಲಿ ಭೀಮಾನದಿಯು ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದೀತೀರದ ಊರುಗಳನ್ನು ನೀರು ಹೊಕ್ಕಿತು. ಮಣ್ಣಿನ ಗುಣವನ್ನೂ ನೆರೆಯ ಎಲ್ಲೆಯನ್ನೂ ಯಂತ್ರದ ನಕ್ಷೆಯಲ್ಲಿ ಸೇರಿಸದಿದ್ದರೆ, ಅಳತೆಯೆಲ್ಲ ಸರಿಯಾದ ಮನೆಯೊಂದಕ್ಕೆ ಅಪಾಯದ ಸ್ಥಳದಲ್ಲಿ ಕ್ಷಣಮಾತ್ರದಲ್ಲಿ ಮಂಜೂರಿ ದೊರೆತುಹೋಗುವುದು.

ಆದುದರಿಂದ ಕಾರ್ಯವಿಭಾಗವು ಹೀಗಿರುವುದು ಯುಕ್ತ. ಅಂತರ, ಎತ್ತರ, ವಿಸ್ತಾರಗಳ ಲೆಕ್ಕವನ್ನು ಯಂತ್ರಕ್ಕೆ ಬಿಡಬೇಕು. ಇದರಿಂದ ಅರ್ಜಿದಾರನ ಅಲೆದಾಟವೂ ಅಧಿಕಾರಿಯ ಪಕ್ಷಪಾತಕ್ಕೆ ಅವಕಾಶವೂ ತಗ್ಗುವುವು. ಸ್ವಾಮ್ಯದ ಸಂದೇಹ, ನೆರೆಯವರ ಸಮ್ಮತಿ, ದೇಶೀಯ ರಚನೆಯ ವಿಚಾರಗಳನ್ನು ಮನುಷ್ಯನೇ ಸ್ಥಳಕ್ಕೆ ಹೋಗಿ ನೋಡಿ ತೀರ್ಮಾನಿಸಬೇಕು. ೨೦೧೧ರ ಸಕಾಲ ಅಧಿನಿಯಮವು ಸರ್ಕಾರೀ ಸೇವೆಗಳಿಗೆ ಗಡುವನ್ನು ಇಟ್ಟು, ತಡವಾದರೆ ದಿನಕ್ಕೆ ೨೦ ರೂಪಾಯಿಯಂತೆ ೫೦೦ ರೂಪಾಯಿಯವರೆಗೆ ಪರಿಹಾರವನ್ನು ವಿಧಿಸಿದೆ. ವಿಳಂಬಕ್ಕೆ ಬೆಲೆ ಕಟ್ಟಿದಂತೆ, ನಿರಾಕರಣೆಗೂ ಒಂದು ಕಟ್ಟುಪಾಡು ಅವಶ್ಯ. ಯಂತ್ರವು ಬೇಡವೆಂದ ಪ್ರತಿಯೊಂದು ಅರ್ಜಿಗೂ ಯಾವ ನಿಯಮ, ಯಾವ ಅಳತೆ, ಯಾವ ಕಾಗದದ ಕೊರತೆ ಎಂಬುದನ್ನು ಅರ್ಜಿದಾರನಿಗೆ ತಿಳಿಯುವ ಕನ್ನಡದಲ್ಲಿ ಬರೆದುಕೊಡಬೇಕು.