ವಿದ್ಯಾಲಯದ ಆವರಣವೂ ಮಹಿಳಾ ಪೊಲೀಸ್ ಅಧಿಕಾರಿಯೂ

ಅಮೆರಿಕದ ದೊಡ್ಡ ವಿಶ್ವವಿದ್ಯಾನಿಲಯಗಳಿಗೆ ತಮ್ಮದೇ ಆದ ಪೊಲೀಸ್ ಇಲಾಖೆ ಉಂಟೆಂದರೆ ನಮ್ಮ ಕಡೆಯ ಅನೇಕರು ನಂಬಲಾರರು. 1894ರಲ್ಲಿ ಯೇಲ್ ವಿಶ್ವವಿದ್ಯಾನಿಲಯವು ನ್ಯೂಹೇವನ್ ನಗರದ ಇಬ್ಬರು ಪೊಲೀಸರನ್ನು ತನ್ನ ಆವರಣಕ್ಕೆಂದೇ ನೇಮಿಸಿಕೊಂಡಿತು. ಅಲ್ಲಿಂದ ಈ ಪದ್ಧತಿ ಬೆಳೆಯಿತು. ಆ ಪೊಲೀಸರಿಗೆ ಸಮವಸ್ತ್ರವಿದೆ, ಬಂಧಿಸುವ ಅಧಿಕಾರವಿದೆ, ಅವರಿಗೊಬ್ಬ ಮುಖ್ಯಸ್ಥರಿದ್ದಾರೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ವಿಕ್ಟೋರಿಯಾ ಹ್ಯಾರಿಸನ್, ಮುಂದೆ ಮಾರ್ಗೋ ಬೆನೆಟ್ ಎಂಬ ಮಹಿಳೆಯರು ಈ ಮುಖ್ಯಸ್ಥರ ಹುದ್ದೆಯನ್ನು ನಡೆಸಿದರು. ಹಾಗಾದರೆ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಇಂಥ ಹುದ್ದೆ ಏಕಿಲ್ಲ, ಆ ಕೆಲಸವನ್ನು ಇಲ್ಲಿ ಯಾರು ಮಾಡುತ್ತಾರೆ, ಅದರಲ್ಲಿ ಹೆಣ್ಣುಮಕ್ಕಳ ಪಾತ್ರವೇನು ಎಂಬುದನ್ನು ರಾಜ್ಯಶಾಸ್ತ್ರದ ವಿದ್ಯಾರ್ಥಿನಿಯಾದ ನಾನು ತಿಳಿದಷ್ಟು ಬರೆಯುತ್ತೇನೆ.

ಕಾರಣ ನಮ್ಮ ಸಂವಿಧಾನದಲ್ಲಿಯೇ ಇದೆ. ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ಎರಡನೆಯ ವಿಷಯವೇ ಪೊಲೀಸ್. ನಮ್ಮ ರಾಜ್ಯದಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯಿದೆಯಂತೆ ಆಡಳಿತ ನಡೆಯುತ್ತದೆ. ಆದಕಾರಣ ನಮ್ಮ ತುಮಕೂರು ವಿಶ್ವವಿದ್ಯಾನಿಲಯವಾಗಲಿ, ಮೈಸೂರಿನದಾಗಲಿ ಕಾವಲುಗಾರರನ್ನು ಇಟ್ಟುಕೊಳ್ಳಬಹುದೇ ಹೊರತು ಪೊಲೀಸರನ್ನು ಅಲ್ಲ. ಕಾಲೇಜಿನ ಗೇಟಿನೊಳಗೆ ಅಪರಾಧ ನಡೆದರೆ ಅದು ಊರಿನ ಠಾಣೆಗೇ ಸೇರಿದ್ದು.

ಆವರಣದ ಶಿಸ್ತನ್ನು ನೋಡಿಕೊಳ್ಳುವ ಹಳೆಯ ಹುದ್ದೆಯೊಂದು ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿದೆ. ನಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಮೊದಲ ಕುಲಾಧಿಪತಿಗಳಾಗಿದ್ದ ಸಂಸ್ಥೆ ಅದು. ಅಲ್ಲಿ ‘ಚೀಫ್ ಪ್ರಾಕ್ಟರ್’ ಎಂಬ ಪ್ರಾಧ್ಯಾಪಕರ ಕೈಕೆಳಗೆ ಕಾವಲು ಸಿಬ್ಬಂದಿ ಇರುತ್ತದೆ. 2017ರ ಸೆಪ್ಟೆಂಬರಿನಲ್ಲಿ ಆವರಣದೊಳಗೇ ವಿದ್ಯಾರ್ಥಿನಿಯೊಬ್ಬಳಿಗೆ ಕಿರುಕುಳವಾಯಿತೆಂದು ಹುಡುಗಿಯರು ಗೇಟಿನ ಮುಂದೆ ಕುಳಿತು ಪ್ರತಿಭಟಿಸಿದರು. ಲಾಠಿ ಪ್ರಹಾರವೂ ಆಯಿತು. ಆಗಿದ್ದ ಪ್ರಾಕ್ಟರು ರಾಜೀನಾಮೆ ಕೊಟ್ಟರು. ಆ ಸ್ಥಾನಕ್ಕೆ ವೈದ್ಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ ರೊಯಾನಾ ಸಿಂಗ್ ಬಂದರು. 1916ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯಕ್ಕೆ ಮೊದಲ ಮಹಿಳಾ ಚೀಫ್ ಪ್ರಾಕ್ಟರ್ ದೊರೆಯಲು ನೂರು ವರ್ಷ ಬೇಕಾಯಿತು, ಅದೂ ಹುಡುಗಿಯರು ಏಟು ತಿಂದ ಮೇಲೆ.

ನಮ್ಮ ಕೊಡಿಗೇನಹಳ್ಳಿಯಂಥ ಊರಿಗೆ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದು ಓದುವ ಹುಡುಗಿಯರಿಗೆ ಇದರ ಉತ್ತರ ಗೊತ್ತು. ನನ್ನ ಜೊತೆಯವಳೊಬ್ಬಳನ್ನು ಎರಡು ತಿಂಗಳ ಕಾಲ ಒಬ್ಬನು ಬಸ್ ನಿಲ್ದಾಣದಿಂದ ಹಿಂಬಾಲಿಸುತ್ತಿದ್ದನು. ಅವಳು ಮನೆಯಲ್ಲಿ ಹೇಳಿದಳು. ಮನೆಯವರು ಅವನನ್ನು ಏನೂ ಕೇಳದೆ ಇವಳ ಓದನ್ನೇ ನಿಲ್ಲಿಸಿದರು. “ಹೆಣ್ಮಗಳು ಠಾಣೆ ಮೆಟ್ಲು ಹತ್ತಬಾರ್ದು ಕಣವ್ವ, ಊರೋರು ಏನಂತಾರೆ?” ಎಂಬುದು ಅವಳ ಅಜ್ಜಿಯ ಮಾತು. ಅಜ್ಜಿಯನ್ನು ನಾನು ದೂರಲಾರೆ. ಅವರ ಕಾಲದಲ್ಲಿ ಠಾಣೆಯೆಂದರೆ ಗಂಡಸರೇ ತುಂಬಿದ ಜಾಗ.

ಈಗಿನ ಕಾನೂನು ಬೇರೆ ಇದೆ. ಹೀಗೆ ಹಿಂಬಾಲಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಂತೆ ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಇಂಥ ದೂರನ್ನು ಹೆಣ್ಣುಮಗಳು ಕೊಟ್ಟಾಗ ಅದನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಘಟನೆ ಯಾವ ಠಾಣೆಯ ಸರಹದ್ದಿನಲ್ಲಿಯೇ ನಡೆದಿರಲಿ, ಹತ್ತಿರದ ಠಾಣೆಯಲ್ಲಿ ದೂರು ಕೊಡಬಹುದು. ಸಾಕ್ಷಿ ಹೇಳಲು ಅವಳನ್ನು ಠಾಣೆಗೆ ಕರೆಸುವಂತಿಲ್ಲ. ಪೊಲೀಸರೇ ಮನೆಗೆ ಬರಬೇಕು. ಕಾಲೇಜಿನೊಳಗಿನ ಕಿರುಕುಳಕ್ಕೆ 2013ರ ಕಾಯಿದೆಯಂತೆ ಆಂತರಿಕ ಸಮಿತಿ ಇರಬೇಕು, ಅದರ ಅಧ್ಯಕ್ಷತೆ ಹಿರಿಯ ಮಹಿಳೆಯೊಬ್ಬರದೇ ಆಗಿರಬೇಕು, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರಿರಬೇಕು. ಮೂರು ತಿಂಗಳೊಳಗೆ ಲಿಖಿತ ದೂರು ಕೊಟ್ಟರೆ ತೊಂಬತ್ತು ದಿನಗಳೊಳಗೆ ವಿಚಾರಣೆ ಮುಗಿಸಬೇಕು. ರ‍್ಯಾಗಿಂಗ್ ತಡೆಗೆ 2009ರ ಯು.ಜಿ.ಸಿ. ನಿಯಮಗಳು ಬೇರೆಯೇ ಇವೆ. ಆ ಸಮಿತಿಯಲ್ಲಿ ಪೊಲೀಸ್ ಇಲಾಖೆಯ ಪ್ರತಿನಿಧಿಯೂ ಇರುತ್ತಾರೆ. ಅಂದಮೇಲೆ ಅಮೆರಿಕದವರು ಒಂದೇ ಇಲಾಖೆಗೆ ವಹಿಸಿರುವ ಕೆಲಸವನ್ನು ನಾವು ಠಾಣೆಗೂ ಸಮಿತಿಗಳಿಗೂ ಹಂಚಿದ್ದೇವೆ. ಆದರೆ ಠಾಣೆಯಲ್ಲಿ ಮಹಿಳಾ ಅಧಿಕಾರಿಯೇ ಇಲ್ಲದಿದ್ದರೆ ದೂರು ಬರೆದುಕೊಳ್ಳುವವರು ಯಾರು? ಕಾನೂನು ಇರುವುದು ಹಾಳೆಯ ಮೇಲೆ. ಅದನ್ನು ನಡೆಸಲು ಮನುಷ್ಯರು ಬೇಕು.

ಆ ದಾರಿ ಹಿಡಿದವರು ನಮ್ಮಲ್ಲಿ ಇದ್ದಾರೆ. 1972ರಲ್ಲಿ ಐ.ಪಿ.ಎಸ್. ಸೇರಿದ ದೇಶದ ಮೊದಲ ಮಹಿಳೆ ಕಿರಣ್ ಬೇಡಿಯವರು ಅಮೃತಸರದ ಸರ್ಕಾರಿ ಮಹಿಳಾ ಕಾಲೇಜಿನಲ್ಲಿ ಬಿ.ಎ. ಓದಿದವರು, ಅನಂತರ ರಾಜ್ಯಶಾಸ್ತ್ರದ ಉಪನ್ಯಾಸಕಿಯಾಗಿದ್ದವರು. ಕಲಾ ವಿಭಾಗವೆಂದರೆ ಮೂಗು ಮುರಿಯುವ ನಮ್ಮ ನೆಂಟರಿಷ್ಟರು ಇದನ್ನು ಗಮನಿಸಬೇಕು. 1975ರಲ್ಲಿ ಜೀಜಾ ಹರಿಸಿಂಗ್ ಅವರು ದಕ್ಷಿಣ ಭಾರತದ ಮೊದಲ ಮಹಿಳಾ ಐ.ಪಿ.ಎಸ್. ಅಧಿಕಾರಿಯಾಗಿ ಕರ್ನಾಟಕಕ್ಕೆ ಬಂದರು. ಮಹಾನಿರ್ದೇಶಕರ ದರ್ಜೆಗೆ ಏರಿದರು. ಇಡೀ ರಾಜ್ಯದ ಪೊಲೀಸ್ ಪಡೆಯ ಮುಖ್ಯಸ್ಥ ಸ್ಥಾನಕ್ಕೆ ಮಹಿಳೆ ಬಂದುದು ಮಾತ್ರ 2017ರ ಅಕ್ಟೋಬರ್ 31ರಂದು, ನೀಲಮಣಿ ಎನ್. ರಾಜು ಅವರ ಮೂಲಕ. ಅವರು 1983ರ ತಂಡದವರು. 2020ರ ಜನವರಿಯ ಕೊನೆಯವರೆಗೆ ಆ ಸ್ಥಾನದಲ್ಲಿದ್ದರು. ಮೊದಲ ಅಧಿಕಾರಿ ಬಂದ ದಿನದಿಂದ ಲೆಕ್ಕ ಹಾಕಿದರೆ ನಲವತ್ತೆರಡು ವರ್ಷಗಳ ಹಾದಿ. ನೆರೆಯ ಚಿತ್ರದುರ್ಗದ ಒನಕೆ ಓಬವ್ವನನ್ನು ನಾವು ಸಭೆಗಳಲ್ಲಿ ಹೊಗಳಿದಷ್ಟು ಸುಲಭವಾಗಿ ಹೆಣ್ಣಿಗೆ ಸಂಬಳ, ಸಮವಸ್ತ್ರ, ಅಧಿಕಾರಗಳನ್ನು ಕೊಟ್ಟವರಲ್ಲ.

ಇನ್ನು ಪದವಿ ಮುಗಿಸುವವರಿಗೆ ಇರುವ ದಾರಿ ಮೂರು. ಸಬ್ ಇನ್ಸ್‌ಪೆಕ್ಟರ್ ಹುದ್ದೆಗೆ ಅದರದೇ ನೇಮಕಾತಿ ಪರೀಕ್ಷೆ, ಡಿ.ವೈ.ಎಸ್.ಪಿ. ಹುದ್ದೆಗೆ ಕರ್ನಾಟಕ ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರ್ ಪರೀಕ್ಷೆ, ಐ.ಪಿ.ಎಸ್.ಗೆ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆ. ಮೂರಕ್ಕೂ ನಮ್ಮ ಬಿ.ಎ. ಪದವಿ ಸಾಕು. ಮೊದಲೆರಡು ಹುದ್ದೆಯವರಿಗೆ ಮೈಸೂರಿನ ಪೊಲೀಸ್ ಅಕಾಡೆಮಿಯಲ್ಲಿ, ಐ.ಪಿ.ಎಸ್.ನವರಿಗೆ ಹೈದರಾಬಾದಿನಲ್ಲಿ ತರಬೇತಿ. ಸಬ್ ಇನ್ಸ್‌ಪೆಕ್ಟರ್ ಪರೀಕ್ಷೆಯ ಒಂದು ಪತ್ರಿಕೆಯಲ್ಲಿ ಪ್ರಬಂಧ, ಸಾರಾಂಶ ಲೇಖನ, ಭಾಷಾಂತರಗಳಿರುತ್ತವೆ. ಭಾಷೆ ಓದಿದವರಿಗೆ ಇದೊಂದು ಅನುಕೂಲ. ನಮ್ಮ ಹುಡುಗಿಯರು ಸೋಲುವುದು ಹೆಚ್ಚಾಗಿ ದೇಹದಾರ್ಢ್ಯ ಪರೀಕ್ಷೆಗೆ ಹೆದರಿ ಅರ್ಜಿಯನ್ನೇ ಹಾಕದಿರುವುದರಿಂದ ಎಂದು ನನಗೆ ತೋರುತ್ತದೆ. ಓಟ, ಜಿಗಿತ, ಗುಂಡೆಸೆತ ಇವು ಅಭ್ಯಾಸದಿಂದ ಬರುವಂಥವು. ಹೊಲದಲ್ಲಿ ದಿನವಿಡೀ ಕಡಲೆಕಾಯಿ ಕೀಳುವ ಕೈಗಳಿಗೆ ಗುಂಡು ಭಾರವಾಗಬಾರದು. ನಮ್ಮ ತರಗತಿಯ ಮೂವರು ಈಗ ಬೆಳಗಿನ ಮೊದಲ ಬಸ್ಸಿಗೇ ಬಂದು ಮೈದಾನದಲ್ಲಿ ಓಡುತ್ತಿದ್ದಾರೆ. ಕಾಲೇಜು ಬಿಟ್ಟ ಗೆಳತಿಗೆ ಮುಂದಿನ ಅರ್ಜಿಯ ದಿನಾಂಕವನ್ನು ತಿಳಿಸುವುದಾಗಿ ನಾನು ಹೇಳಿ ಕಳುಹಿಸಿದ್ದೇನೆ. ಪದವಿಯನ್ನು ಮುಗಿಸಲು ಅವಳಿಗೆ ಉಳಿದಿರುವುದು ಒಂದೇ ವರ್ಷ.