ಡ್ರಾ ಆಗಿಯೂ ಸೋತ ಊರು

ಪಾಯಿಂಟ್ ಪಟ್ಟಿಗೆ ಡ್ರಾ ಅಂದರೆ ಡ್ರಾ, ಅಷ್ಟೇ. ಇಬ್ಬರಿಗೂ ಒಂದೊಂದು ಅಂಕ ಕೊಟ್ಟು ಸುಮ್ಮನಾಗುತ್ತದೆ. ಗೋಲು ಐದನೇ ನಿಮಿಷದಲ್ಲಿ ಬಂತೋ ತೊಂಬತ್ತನೇ ನಿಮಿಷದಲ್ಲಿ ಬಂತೋ ಎಂದು ಅದು ಕೇಳುವುದಿಲ್ಲ. ಆ ಲೆಕ್ಕ ಇಡುವವರು ಗ್ಯಾಲರಿಯಲ್ಲಿ ಕೂತವರು. 2015ರ ಮೇ 31ರ ಭಾನುವಾರ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿದ್ದ ಯಾರನ್ನಾದರೂ ಇವತ್ತು ಕೇಳಿ ನೋಡಿ. ಸ್ಕೋರ್ ಎಷ್ಟಾಗಿತ್ತು ಎಂದು ಹೇಳುವ ಮೊದಲೇ ‘ಎಂಬತ್ತೇಳನೇ ನಿಮಿಷ’ ಅನ್ನುತ್ತಾರೆ.

ಅದು 2014-15ರ ಐ-ಲೀಗ್ ಫುಟ್‌ಬಾಲ್‌ನ ಕೊನೆಯ ಪಂದ್ಯ. ಎದುರಾಳಿ ಕೋಲ್ಕತ್ತದ ಮೋಹನ್ ಬಾಗನ್. ಹತ್ತೊಂಬತ್ತು ಪಂದ್ಯ ಮುಗಿದಾಗ ಬಾಗನ್ ಬಳಿ 38 ಅಂಕ, ಹಾಲಿ ಚಾಂಪಿಯನ್ ಬೆಂಗಳೂರು ಎಫ್‌ಸಿ ಬಳಿ 36. ಬೆಂಗಳೂರು ಗೆದ್ದರೆ 39ಕ್ಕೇರಿ ಟ್ರೋಫಿ ಉಳಿಸಿಕೊಳ್ಳುತ್ತದೆ. ಡ್ರಾ ಆದರೂ ಸಾಕು, ಟ್ರೋಫಿ ಹೌರಾ ರೈಲು ಹತ್ತುತ್ತದೆ. ಲೀಗ್ ಪದ್ಧತಿಯ ಟೂರ್ನಿಯಲ್ಲಿ ಮೊದಲೆರಡು ಸ್ಥಾನದ ತಂಡಗಳು ಕಡೆಯ ದಿನ ಹೀಗೆ ಎದುರುಬದುರಾಗಿ ನಿಲ್ಲುವುದು ಬಲು ಅಪರೂಪ. ವೇಳಾಪಟ್ಟಿ ಹಾಕಿದವರು ಕನಸಿನಲ್ಲೂ ಹೀಗೆಂದು ಎಣಿಸಿರಲಾರರು.

ಮಳೆಗೆ ನೆನೆದ ಮೈದಾನ. ಆಶ್ಲೆ ವೆಸ್ಟ್‌ವುಡ್ ತರಬೇತಿಯ ಬೆಂಗಳೂರು ತಂಡ ಗೆಲುವಿನ ಹೊರತು ಬೇರೆ ದಾರಿಯಿಲ್ಲದೆ ನುಗ್ಗಿ ಆಡುತ್ತಿತ್ತು. 41ನೇ ನಿಮಿಷದಲ್ಲಿ ಇಂಗ್ಲೆಂಡಿನ ಡಿಫೆಂಡರ್ ಜಾನ್ ಜಾನ್ಸನ್ ಚೆಂಡನ್ನು ಬಲೆಗೆ ಸೇರಿಸಿದ. ವೆಸ್ಟ್ ಬ್ಲಾಕ್ ಎದ್ದು ಕುಣಿಯಿತು. ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ನೀಲಿ ಅಂಗಿ ತೊಟ್ಟು, ತಮಟೆ ಬಡಿಯುತ್ತ ಪಂದ್ಯ ಮುಗಿಯುವವರೆಗೂ ನಿಂತೇ ಇರುವ ಅಭಿಮಾನಿ ಬಳಗದ ಹೆಸರೇ ‘ವೆಸ್ಟ್ ಬ್ಲಾಕ್ ಬ್ಲೂಸ್’. 2013ರಲ್ಲಿ ಹುಟ್ಟಿದ ಕ್ಲಬ್ ಮೊದಲ ವರ್ಷವೇ ಲೀಗ್ ಗೆದ್ದಿತ್ತು. ಎರಡನೇ ವರ್ಷವೂ ಗೆಲ್ಲಲು ಇನ್ನು ಅರ್ಧ ಪಂದ್ಯ ಕಳೆದರೆ ಸಾಕಿತ್ತು.

ದ್ವಿತೀಯಾರ್ಧದಲ್ಲಿ ಆಟಕ್ಕಿಂತ ಹೆಚ್ಚು ನಡೆದದ್ದು ಗಡಿಯಾರದ ಜೊತೆಗಿನ ಜಗಳ. ಒಂದು ಗೋಲಿನ ಮುನ್ನಡೆಯಲ್ಲಿರುವ ತವರಿನ ಪ್ರೇಕ್ಷಕನಷ್ಟು ದುರ್ಬಲ ಮನುಷ್ಯ ಇನ್ನೊಬ್ಬನಿಲ್ಲ. ತನ್ನ ಗೋಲ್‌ಕೀಪರ್ ಚೆಂಡನ್ನು ತಬ್ಬಿಕೊಂಡು ನೆಲದ ಮೇಲೆ ಇನ್ನೂ ಎರಡು ಸೆಕೆಂಡ್ ಮಲಗಲಿ ಎಂದು ಬೇಡುತ್ತಾನೆ. ಥ್ರೋ-ಇನ್ ತೆಗೆದುಕೊಳ್ಳಲು ಎದುರಾಳಿ ಓಡಿ ಬಂದರೆ ಅವನಿಗೆ ಅದೇ ದೊಡ್ಡ ಅನ್ಯಾಯ. ಎಪ್ಪತ್ತನೇ ನಿಮಿಷದವರೆಗೆ ‘ಇನ್ನೊಂದು ಹೊಡೀರಿ’ ಎನ್ನುತ್ತಿದ್ದವನು ಎಂಬತ್ತರ ಹೊತ್ತಿಗೆ ‘ಹೊಡೆದು ಆಚೆ ಹಾಕ್ರಪ್ಪ’ ಎಂಬಲ್ಲಿಗೆ ಇಳಿದಿರುತ್ತಾನೆ. ಅವನ ಭಯ ಹತ್ತಿರ ಕೂತವನಿಗೆ ಅಂಟುತ್ತದೆ, ಅಲ್ಲಿಂದ ಅಂಗಳಕ್ಕೆ ಇಳಿಯುತ್ತದೆ, ಡಿಫೆಂಡರ್‌ಗಳು ನಾಲ್ಕು ಹೆಜ್ಜೆ ಹಿಂದೆ ಸರಿದು ಪೆನಾಲ್ಟಿ ಬಾಕ್ಸ್ ಬಳಿ ಗುಂಪುಗೂಡುತ್ತಾರೆ. ಕೊನೆಗಳಿಗೆಯ ಗೋಲುಗಳು ಸುಮ್ಮನೆ ಆಕಾಶದಿಂದ ಬೀಳುವುದಿಲ್ಲ. ಮುನ್ನಡೆಯಲ್ಲಿರುವವರು ಹಿಂದೆ ಸರಿದಂತೆಲ್ಲ ಎದುರಾಳಿಗೆ ಕಾರ್ನರ್‌ಗಳು ಸಿಗುತ್ತ ಹೋಗುತ್ತವೆ, ಕಾರ್ನರ್ ಅಂದಮೇಲೆ ಎತ್ತರದವರು ಮುಂದೆ ಬರುತ್ತಾರೆ. ದಣಿದ ಕಾಲು ಜಿಗಿಯಲು ಅರೆಕ್ಷಣ ತಡಮಾಡುತ್ತದೆ.

ಆ ರಾತ್ರಿಯೂ ಆದದ್ದು ಇಷ್ಟೇ. 87ನೇ ನಿಮಿಷದಲ್ಲಿ ಬಾಗನ್‌ಗೆ ಕಾರ್ನರ್. ಹೈಟಿ ದೇಶದ ಸೋನಿ ನಾರ್ಡೆ ಚೆಂಡನ್ನು ತೇಲಿಬಿಟ್ಟ. ನೈಜೀರಿಯಾದ ಡಿಫೆಂಡರ್ ಬೆಲ್ಲೊ ರಜಾಕ್ ಎಲ್ಲರಿಗಿಂತ ಮೇಲೆ ಜಿಗಿದು ತಲೆ ಕೊಟ್ಟ. 1–1. ಪಂದ್ಯದ ಎರಡೂ ಗೋಲು ಹೊಡೆದವರು ಗೋಲು ತಡೆಯಲೆಂದು ಸಂಬಳ ಪಡೆಯುವವರು.

ಕ್ರೀಡಾಂಗಣದಲ್ಲಿ ಗೋಲಿನ ಸದ್ದಿಗೆ ದಿಕ್ಕು ಇರುತ್ತದೆ. ತವರಿನ ಗೋಲಾದರೆ ನಾಲ್ಕೂ ಕಡೆಯಿಂದ ಒಮ್ಮೆಗೇ ಮೊರೆತ. ಎದುರಾಳಿಯದಾದರೆ ಮೊದಲು ದೊಡ್ಡದೊಂದು ಖಾಲಿತನ, ಆಮೇಲೆ ಎಲ್ಲೋ ಒಂದು ಮೂಲೆಯಿಂದ ಕಿರುಚಾಟ. ಅವತ್ತು ಆ ಮೂಲೆ ಸಣ್ಣದೇನೂ ಇರಲಿಲ್ಲ. ಹಸಿರು-ಮರೂನ್ ಬಾವುಟ ಹಿಡಿದು ಕೋಲ್ಕತ್ತದಿಂದ ರೈಲಿನಲ್ಲಿ ಬಂದವರಿದ್ದರು, ಜೊತೆಗೆ ಬೆಂಗಳೂರಲ್ಲೇ ಕೆಲಸಕ್ಕಿದ್ದು ಇಲ್ಲೇ ಮನೆ ಮಾಡಿಕೊಂಡ ಬಂಗಾಳಿಗಳಿದ್ದರು. ಎಲೆಕ್ಟ್ರಾನಿಕ್ ಸಿಟಿಯಲ್ಲೋ ವೈಟ್‌ಫೀಲ್ಡ್‌ನಲ್ಲೋ ವಾರವಿಡೀ ಕನ್ನಡಿಗ ಸಹೋದ್ಯೋಗಿಯ ಪಕ್ಕ ಕೂತು ಕೋಡ್ ಬರೆಯುವವನು ಭಾನುವಾರ ಸಂಜೆ ಎದುರಿನ ಗ್ಯಾಲರಿಯಲ್ಲಿ ಅಂಗಿ ಕಳಚಿ ತಲೆಯ ಮೇಲೆ ತಿರುಗಿಸುತ್ತಿದ್ದರೆ ಅವನನ್ನು ‘ಪರ ಊರಿನವನು’ ಎನ್ನುವುದು ಹೇಗೆ? ಬಾಡಿಗೆ ಕರಾರು ಬೆಂಗಳೂರಿನದು, ಕ್ಲಬ್ ಅಜ್ಜನ ಕಾಲದ್ದು. ‘ಅವೇ ಮ್ಯಾಚ್’, ಅಂದರೆ ಪರ ಊರಿನ ಪಂದ್ಯ, ಎಂಬ ಮಾತು ಮೈದಾನಕ್ಕೆ ಅನ್ವಯಿಸುವಷ್ಟು ಸಲೀಸಾಗಿ ಜನರಿಗೆ ಅನ್ವಯಿಸುವುದಿಲ್ಲ.

ನೀಲಿಯವರ ಕಡೆ ಬೇರೆಯದೇ ನೋಟ. ಸೋಲು ನಿಧಾನವಾಗಿ ಬಂದರೆ ಮನಸ್ಸು ಮುಂಚೆಯೇ ತಯಾರಾಗಿರುತ್ತದೆ, ಬೈಯಲು ಯಾರಾದರೂ ಸಿಕ್ಕಿರುತ್ತಾರೆ. ಮೂರು ನಿಮಿಷ ಬಾಕಿಯಿರುವಾಗ ಸಮಬಲವಾದರೆ ಬೈಯಲೂ ಪುರುಸೊತ್ತಿಲ್ಲ. ಕೈಗಳು ತಾವಾಗಿಯೇ ತಲೆಯ ಮೇಲೆ ಹೋಗುತ್ತವೆ. ಕೂತವರು ಎದ್ದು ನಿಲ್ಲುತ್ತಾರೆ, ನಿಂತವರು ಕುಸಿದು ಕೂರುತ್ತಾರೆ. ಮತ್ತೊಂದು ಗೋಲು ಸಾಧ್ಯ ಎಂದು ಬಾಯಿ ಕೂಗುತ್ತಿದ್ದರೂ ಒಳಗೆ ಗೊತ್ತಿರುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ನಮ್ಮ ಹಳೆಯ ಮಾತನ್ನು ಇಷ್ಟು ಸಾವಿರ ಜನ ಒಂದೇ ಗಳಿಗೆಯಲ್ಲಿ ಅನುಭವಿಸಿದ್ದು ಕಡಿಮೆ.

ಬಾಗನ್ 39, ಬೆಂಗಳೂರು 37. ರಾಷ್ಟ್ರೀಯ ಲೀಗ್ ಪ್ರಶಸ್ತಿ ಕೋಲ್ಕತ್ತದ ಆ ಕ್ಲಬ್ಬಿಗೆ ಹದಿಮೂರು ವರ್ಷಗಳ ಮೇಲೆ ಮರಳಿತು. ಮರುದಿನ ಕೋಲ್ಕತ್ತ ವಿಮಾನ ನಿಲ್ದಾಣದಲ್ಲಿ ಸೇರಿದ ಜನಸಾಗರವನ್ನು ಟಿ.ವಿ.ಯಲ್ಲಿ ನೋಡಿದವರಿಗೆ ಯಾವುದೋ ಯುದ್ಧ ಗೆದ್ದು ಬಂದ ಸೇನೆಯ ನೆನಪಾಗಿರಬೇಕು. ಕೋಚ್ ಸಂಜಯ್ ಸೇನ್ ರಾತ್ರೋರಾತ್ರಿ ಬಂಗಾಳದ ಮನೆಮಗನಾದರು. ಆ ಊರಿನಲ್ಲಿ ಬಾಗನ್ ಗೆದ್ದರೆ ಸಿಗಡಿ, ಬದ್ಧ ಎದುರಾಳಿ ಈಸ್ಟ್ ಬೆಂಗಾಲ್ ಗೆದ್ದರೆ ಹಿಲ್ಸಾ ಮೀನು ಎಂಬುದು ಅಡುಗೆಮನೆಗೂ ಗೊತ್ತಿರುವ ಕಟ್ಟಳೆ. ಆ ವಾರ ಸಿಗಡಿಗೆ ಗಿರಾಕಿ ಕಡಿಮೆಯಾಗಿರಲಾರದು.

ಈ ಹುಚ್ಚಿಗೆ ಒಂದು ಮೂಲವೂ ಇದೆ. 1911ರ ಜುಲೈ 29ರಂದು ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಬಹುತೇಕ ಬರಿಗಾಲಲ್ಲೇ ಆಡಿದ ಮೋಹನ್ ಬಾಗನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟ್ ಎಂಬ ಬ್ರಿಟಿಷ್ ಸೈನಿಕರ ತಂಡವನ್ನು 2–1ರಿಂದ ಸೋಲಿಸಿತು. ಮೊದಲು ಗೋಲು ಬಿಟ್ಟುಕೊಟ್ಟದ್ದು ಬಾಗನ್ನೇ. ನಾಯಕ ಶಿಬದಾಸ್ ಭಾದುರಿ ಸಮಬಲ ತಂದರು, ಅಭಿಲಾಷ್ ಘೋಷ್ ಗೆಲುವಿನ ಗೋಲು ಹೊಡೆದರು. ಹಿಂದೆ ಬಿದ್ದು ಕೊನೆಗೆ ಎದ್ದು ನಿಲ್ಲುವ ಕಥೆ ಆ ಕ್ಲಬ್ಬಿನ ಅಭಿಮಾನಿಗೆ ತೊಟ್ಟಿಲಲ್ಲೇ ಸಿಕ್ಕಿರುತ್ತದೆ. 0–1 ಇದ್ದಾಗಲೂ ಎದ್ದು ಹೋಗದೆ ಕೂರಲು ಅವನಿಗೆ ಅಷ್ಟು ಸಾಕು.

ಹಾಗೆಂದು ಬೆಂಗಳೂರಿನವರು ಫುಟ್‌ಬಾಲ್ ನಿನ್ನೆ ಮೊನ್ನೆ ಕಲಿತವರು ಎಂದು ಯಾರಾದರೂ ಹೇಳಿದರೆ ಗೌತಮಪುರಕ್ಕೋ ಆಸ್ಟಿನ್ ಟೌನಿಗೋ ಕರೆದುಕೊಂಡು ಹೋಗಬೇಕು. ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ನಮ್ಮ ‘ಬ್ಯಾಂಗಲೋರ್ ಮುಸ್ಲಿಮ್ಸ್’, ವರ್ಷ 1937. ಮೈಸೂರು ರಾಜ್ಯ ತಂಡ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿದೆ, 1968-69ರ ಗೆಲುವು ಬೆಂಗಳೂರಿನಲ್ಲೇ, ಎದುರಾಳಿ ಇದೇ ಬಂಗಾಳ. ಈಸ್ಟ್ ಬೆಂಗಾಲ್‌ನ ‘ಪಂಚ ಪಾಂಡವ’ರೆಂದು ಹೆಸರಾದ ಐವರು ಫಾರ್ವರ್ಡ್‌ಗಳಲ್ಲಿ ಒಬ್ಬರಾದ ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್‌ಗೆ 1–2ರಿಂದ ಸೋತಿತಲ್ಲ, ಆ ಪಂದ್ಯದಲ್ಲಿ 70ನೇ ನಿಮಿಷದಲ್ಲಿ ಸಮಬಲದ ಗೋಲು ಹೊಡೆದು, ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲಿಗೆ ಹೆಸರಾದ ಸಾರಂಗಪಾಣಿ ರಾಮನ್ ಮೈಸೂರು ತಂಡಕ್ಕೂ ಆಡಿದವರು. ಆ ದಿನ ಫ್ರಾನ್ಸ್ ಗೆಲುವಿನ ಗೋಲು ಹೊಡೆದದ್ದು 89ನೇ ನಿಮಿಷದಲ್ಲಿ. ಕೊನೆಗಳಿಗೆಯ ನೋವು ನಮಗೇನೂ ಹೊಸದಲ್ಲ. ಕಾಯುವುದೂ ಹೊಸದಲ್ಲ: ಆ ಸಂತೋಷ್ ಟ್ರೋಫಿ ಮತ್ತೆ ಕರ್ನಾಟಕಕ್ಕೆ ಬಂದದ್ದು 54 ವರ್ಷಗಳ ನಂತರ, 2023ರ ಮಾರ್ಚ್‌ನಲ್ಲಿ, ಅದೂ ಸೌದಿ ಅರೇಬಿಯಾದ ರಿಯಾದ್‌ನಲ್ಲಿ.

ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಗಾಯಗಳಿವೆ. 2009ರ ಮೇ ತಿಂಗಳಲ್ಲಿ ಲಂಡನ್ನಿನ ಸ್ಟಾಮ್‌ಫರ್ಡ್ ಬ್ರಿಡ್ಜ್‌ನಲ್ಲಿ ಚೆಲ್ಸಿ ವಿರುದ್ಧ ಬಾರ್ಸಿಲೋನಾದ ಇನಿಯೆಸ್ಟಾ 93ನೇ ನಿಮಿಷದಲ್ಲಿ ಹೊಡೆದ ಸಮಬಲದ ಗೋಲು ಚಾಂಪಿಯನ್ಸ್ ಲೀಗ್ ಫೈನಲ್ ಟಿಕೆಟ್ಟನ್ನೇ ಕಿತ್ತುಕೊಂಡಿತು. ಪರನೆಲದಲ್ಲಿ ಹೊಡೆದ ಗೋಲಿಗೆ ಹೆಚ್ಚು ತೂಕ ಎಂಬ ನಿಯಮ ಆಗ ಇತ್ತು; ಯುರೋಪಿನ ಕ್ಲಬ್ ಟೂರ್ನಿಗಳಲ್ಲಿ ಅದನ್ನು 2021ರಲ್ಲಿ ಕೈಬಿಟ್ಟರು. ಕಂಠೀರವದ ಗೋಲಿಗೆ ಅಂಥ ನಿಯಮದ ನೆರವೂ ಬೇಕಿರಲಿಲ್ಲ. ಕೂಡು-ಕಳೆ ಬಂದರೆ ಸಾಕಿತ್ತು.

ಬೆಂಗಳೂರು ಅಭಿಮಾನಿಗೆ ಇದಕ್ಕಿಂತ ಉರಿಯುವ ಸಂಗತಿ ಬೇರೆ: ಅದೇ ಎದುರಾಳಿ, ಅದೇ ಚಾಳಿ. 2023ರ ಮಾರ್ಚ್ 18ರಂದು ಗೋವಾದಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನಲ್ಲಿ 78ನೇ ನಿಮಿಷದಲ್ಲಿ ರಾಯ್ ಕೃಷ್ಣ ಬೆಂಗಳೂರಿಗೆ 2–1ರ ಮುನ್ನಡೆ ಕೊಟ್ಟರು. ಹಿಂದಿನ ಋತುವಿನವರೆಗೆ ಅವರು ಆ ಕೋಲ್ಕತ್ತ ತಂಡದಲ್ಲೇ ಇದ್ದವರು, ಹಾಗಾಗಿ ಖುಷಿ ಒಂದು ತೂಕ ಜಾಸ್ತಿಯೇ. 85ನೇ ನಿಮಿಷದಲ್ಲಿ ಬಾಗನ್‌ನ ಪೆಟ್ರಾಟೊಸ್ ಪೆನಾಲ್ಟಿಯಿಂದ 2–2. ಶೂಟೌಟ್‌ನಲ್ಲಿ ಬಾಗನ್‌ಗೆ 4–3. ಮತ್ತೆ 2025ರ ಏಪ್ರಿಲ್ 12ರ ಫೈನಲ್, ಈ ಸಲ ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲೇ. ಎದುರಾಳಿಯ ಸ್ವಂತ ಗೋಲಿನಿಂದ 49ನೇ ನಿಮಿಷದಲ್ಲಿ ಬೆಂಗಳೂರಿಗೆ ಮುನ್ನಡೆ, 72ರಲ್ಲಿ ಬಾಗನ್‌ನ ಕಮಿಂಗ್ಸ್ ಪೆನಾಲ್ಟಿಯಿಂದ ಸಮಬಲ, ಹೆಚ್ಚುವರಿ ಅವಧಿಯ 96ನೇ ನಿಮಿಷದಲ್ಲಿ ಅವರದೇ ಮೆಕ್‌ಲಾರೆನ್ ಗೋಲು. ಮೂರು ಪ್ರಶಸ್ತಿ, ಮೂರರಲ್ಲೂ ಮುನ್ನಡೆ, ಮೂರರಲ್ಲೂ ಸಮಬಲದ ಗೋಲು, ಮೂರೂ ಬಾಗನ್ ಪಾಲು. ನಡುವೆ 2017ರ ಫೆಡರೇಷನ್ ಕಪ್ ಫೈನಲ್‌ನಲ್ಲಿ ಕಟಕ್‌ನಲ್ಲಿ ಬಾಗನ್ ವಿರುದ್ಧ ಸಿ.ಕೆ. ವಿನೀತ್ ಎರಡು ಗೋಲು ಹೊಡೆದು ಗೆಲ್ಲಿಸಿದ್ದನ್ನು ನೀಲಿಯವರು ಔಷಧಿಯಂತೆ ಆಗಾಗ ನೆನೆಯುವುದುಂಟು.

ಇಷ್ಟು ಗೋಳಾಡಿದ ಮೇಲೆ ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಆ 2025ರ ಫೈನಲ್ಲಿಗೆ ಬೆಂಗಳೂರು ತಲುಪಿದ್ದು ಹೇಗೆ? ಆರು ದಿನ ಮೊದಲು ಗೋವಾದ ಫತೋರ್ಡಾದಲ್ಲಿ ಸೆಮಿಫೈನಲ್‌ನ ಎರಡನೇ ಪಂದ್ಯ. ಮೊದಲ ಪಂದ್ಯವನ್ನು ಬೆಂಗಳೂರು 2–0ಯಿಂದ ಗೆದ್ದಿತ್ತು, ಗೋವಾ ಎರಡು ಗೋಲು ಹೊಡೆದು ಒಟ್ಟು ಲೆಕ್ಕವನ್ನು 2–2 ಮಾಡಿತ್ತು. ಫತೋರ್ಡಾ ಹೆಚ್ಚುವರಿ ಅವಧಿಗೆ ಸೊಂಟ ಕಟ್ಟುತ್ತಿದ್ದಾಗ, 92ನೇ ನಿಮಿಷದಲ್ಲಿ ನಾಮ್ಗ್ಯಾಲ್ ಭುಟಿಯಾ ಕೊಟ್ಟ ಕ್ರಾಸ್‌ಗೆ ಸುನಿಲ್ ಛೆಟ್ರಿ ತಲೆ ಕೊಟ್ಟರು. ನಲವತ್ತು ದಾಟಿದ ಮನುಷ್ಯ! ತವರಿನ ಇಡೀ ಕ್ರೀಡಾಂಗಣ ಬಾಯಿ ಮುಚ್ಚಿತು, ಒಂದು ಮೂಲೆಯ ನೀಲಿ ಬಣ್ಣ ಮಾತ್ರ ಕಿರುಚಿತು. ಅಲ್ಲಿ ಕಿರುಚಿದವರಿಗೆ 2015ರ ಹಸಿರು-ಮರೂನ್ ಮೂಲೆಯ ಮೇಲಿನ ಸಿಟ್ಟು ಸ್ವಲ್ಪವಾದರೂ ಇಳಿದಿರಬೇಕು. ಪರ ಊರಲ್ಲಿ ಕಡೇ ಗಳಿಗೆಯಲ್ಲಿ ಹೊಡೆದ ಗೋಲಿನ ರುಚಿ ಬಾಯಿಗೆ ಬಿದ್ದವರು ಅದನ್ನು ಬೇರೆಯವರಿಗೆ ಬೇಡ ಎನ್ನುವುದು ಸರಿಯಲ್ಲ.

2015ರ ಬಾಗನ್ ಅದೃಷ್ಟದಿಂದ ಗೆದ್ದಿತು ಎಂದು ಈಗಲೂ ವಾದಿಸುವ ಗೆಳೆಯರು ನನಗಿದ್ದಾರೆ. ನಾನು ಒಪ್ಪುವುದಿಲ್ಲ. ಇಪ್ಪತ್ತು ಪಂದ್ಯಗಳ ಲೀಗ್‌ನಲ್ಲಿ ಕೊನೆಯ ದಿನ ಡ್ರಾ ಸಾಕು ಎಂಬ ಸ್ಥಿತಿ ಯಾರೂ ದಾನವಾಗಿ ಕೊಟ್ಟದ್ದಲ್ಲ, ಹತ್ತೊಂಬತ್ತು ಪಂದ್ಯ ಆಡಿ ಗಳಿಸಿದ್ದು. ಬೆಂಗಳೂರಿಗೆ ಆ ರಾತ್ರಿ ಬೇಕಾಗಿದ್ದದ್ದು ಎರಡನೇ ಗೋಲು, ಅದು ಬರಲಿಲ್ಲ. ಮುಂದಿನ ವರ್ಷ, 2016ರ ಏಪ್ರಿಲ್‌ನಲ್ಲಿ, ಬೆಂಗಳೂರು ಐ-ಲೀಗ್ ಟ್ರೋಫಿಯನ್ನು ಮರಳಿ ಗೆದ್ದುಕೊಂಡಿತು. ಎರಡನೇ ಸ್ಥಾನದಲ್ಲಿ ನಿಂತದ್ದು ಮೋಹನ್ ಬಾಗನ್.

ಇನ್ನು, ಟ್ರಾಫಿಕ್ ತಪ್ಪಿಸಲು ಎಂಬತ್ತೈದನೇ ನಿಮಿಷಕ್ಕೆ ಕಂಠೀರವದ ಗೇಟಿನತ್ತ ಹೊರಡುವ ಮಹನೀಯರಿಗೆ ಒಂದು ಮಾತು: ದಯವಿಟ್ಟು ಕೂತಿರಿ, ಕಸ್ತೂರ್‌ಬಾ ರಸ್ತೆಯ ಟ್ರಾಫಿಕ್ ಹತ್ತು ಗಂಟೆಯವರೆಗೂ ಅಲ್ಲೇ ಇರುತ್ತದೆ.