ಬೋರ್ಡ್ ನಮ್ಮದು, ಪರೀಕ್ಷಿಸುವ ಸಾಫ್ಟ್‌ವೇರ್ ಯಾರದು?

ಇಂಜಿನಿಯರಿಂಗ್ ಓದುವಾಗ ನಮ್ಮ ಹಾಸ್ಟೆಲ್‌ನಲ್ಲಿ ಒಂದು ಪೆನ್‌ಡ್ರೈವ್ ರೂಮಿನಿಂದ ರೂಮಿಗೆ ಓಡಾಡ್ತಿತ್ತು. ಅದರಲ್ಲಿ ಇದ್ದದ್ದು ಸಿನಿಮಾ ಅಲ್ಲ, ಸರ್ಕ್ಯೂಟ್ ವಿನ್ಯಾಸದ ದುಬಾರಿ ಸಾಫ್ಟ್‌ವೇರ್‌ಗಳ ಕ್ರ್ಯಾಕ್ ಮಾಡಿದ ಪ್ರತಿಗಳು. ಅದು ಕಳ್ಳಮಾಲು ಅಂತ ಎಲ್ಲರಿಗೂ ಗೊತ್ತಿತ್ತು. ಬೇರೆ ದಾರಿ ಇದೆ ಅಂತ ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಕಾಲೇಜು ಮುಗಿಸಿ ಸ್ವಂತ ಬೋರ್ಡ್ ಮಾಡಿ ಮಾರಲು ಹೊರಟವರಿಗೆ ಆ ಪೆನ್‌ಡ್ರೈವ್ ನಡೆಯಲ್ಲ. ಅಲ್ಲಿ ಎದುರಾಗುವ ದೊಡ್ಡ ಗೋಡೆಯೇ ಸಿಗ್ನಲ್ ಇಂಟೆಗ್ರಿಟಿ.

ಏನಿದು ಸಮಸ್ಯೆ?

ಬೋರ್ಡಿನ ಮೇಲಿನ ತಾಮ್ರದ ಟ್ರೇಸ್ ಅನ್ನು ನಾವು ಬರೀ ತಂತಿ ಅಂದುಕೊಳ್ತೀವಿ. ವೇಗ ಹೆಚ್ಚಾದರೆ ಅದು ಕಾಲುವೆಯಂತೆ ವರ್ತಿಸುತ್ತೆ. ಕಾಲುವೆಯ ಅಗಲ ದಿಢೀರ್ ಬದಲಾದ ಕಡೆ ಅಲೆಯ ಒಂದು ಪಾಲು ಹಿಂದಕ್ಕೆ ಬರುತ್ತಲ್ಲ, ಹಾಗೆ. ಇಲ್ಲಿ ಅಗಲದ ಜಾಗದಲ್ಲಿ ಇಂಪಿಡೆನ್ಸ್ ಇರುತ್ತೆ. 50 ಓಮ್‌ನ ಟ್ರೇಸ್ ಹೋಗಿ 75 ಓಮ್‌ಗೆ ಸೇರಿದರೆ ಸಿಗ್ನಲ್‌ನ 20% ವಾಪಸ್. ಈ ಪ್ರತಿಫಲನ ಜೋರಾದರೆ ಚಿಪ್ 0 ಅನ್ನು 1 ಎಂದು ಓದಬಹುದು.

ಇದು ಸೂಪರ್‌ಕಂಪ್ಯೂಟರ್‌ಗಳ ಸಮಸ್ಯೆ ಮಾತ್ರವಲ್ಲ. ಸಾಮಾನ್ಯ ಎಫ್‌ಆರ್-4 ಬೋರ್ಡಿನಲ್ಲಿ ಸಿಗ್ನಲ್ ಒಂದು ನ್ಯಾನೊಸೆಕೆಂಡಿಗೆ ಸುಮಾರು 15 ಸೆಂ.ಮೀ. ಸಾಗುತ್ತೆ. ಸಿಗ್ನಲ್ 0ಯಿಂದ 1ಕ್ಕೆ ಏರಲು ಒಂದು ನ್ಯಾನೊಸೆಕೆಂಡ್ ತಗೊಂಡರೆ, ಅದರ ಆರನೇ ಒಂದು ಭಾಗ, ಅಂದ್ರೆ ಸುಮಾರು 2.5 ಸೆಂ.ಮೀ. ಉದ್ದ ದಾಟಿದ ಟ್ರೇಸ್ ಬಗ್ಗೆ ಎಚ್ಚರ ಬೇಕು ಅನ್ನೋದು ಈ ಕಸುಬಿನ ರೂಢಿ ಲೆಕ್ಕ. ಗಡಿಯಾರದ ವೇಗ ಕಡಿಮೆ ಇದ್ದರೂ, ಏರಿಕೆ ಚುರುಕಾಗಿದ್ದರೆ ತೊಂದರೆ ತಪ್ಪಿದ್ದಲ್ಲ. ಬೋರ್ಡ್ ಕೈಗೆ ಬಂದ ಮೇಲೆ ಇದು ಗೊತ್ತಾದರೆ ಮತ್ತೆ ವಿನ್ಯಾಸ, ಮತ್ತೆ ಫ್ಯಾಬ್ರಿಕೇಶನ್, ಮತ್ತೆ ಖರ್ಚು. ಅದಕ್ಕೇ ಮೊದಲೇ ಸಿಮ್ಯುಲೇಶನ್ ಮಾಡಬೇಕು.

ಕೀಲಿ ಯಾರ ಕೈಯಲ್ಲಿ?

ಈ ಕೆಲಸದ ಹೆಸರಾಂತ ಸಾಫ್ಟ್‌ವೇರ್‌ಗಳ ಜಾತಕ ನೋಡಿ. ಸಿಗ್ರಿಟಿಯನ್ನು 2012ರಲ್ಲಿ ಕೇಡೆನ್ಸ್ ಕೊಂಡಿತು. ಹೈಪರ್‌ಲಿಂಕ್ಸ್ ಹೊಂದಿದ್ದ ಮೆಂಟರ್ ಗ್ರಾಫಿಕ್ಸ್ 2017ರಲ್ಲಿ ಸೀಮೆನ್ಸ್ ಪಾಲಾಯಿತು. ಎಚ್‌ಎಫ್‌ಎಸ್‌ಎಸ್ ಮಾರುವ ಆನ್ಸಿಸ್ 2025ರಲ್ಲಿ ಸಿನಾಪ್ಸಿಸ್ ಮಡಿಲಿಗೆ ಬಿತ್ತು. ಕೊಳ್ಳಲು ಹೋದರೆ ಬೆಲೆಪಟ್ಟಿ ಇರಲ್ಲ, 'ನಮ್ಮ ಸೇಲ್ಸ್ ತಂಡವನ್ನು ಸಂಪರ್ಕಿಸಿ' ಅಂತಿರುತ್ತೆ. ಪೂರ್ತಿ ಲೈಸೆನ್ಸ್ ಅಂದ್ರೆ ಲಕ್ಷಗಳ ಮಾತು.

ದುಡ್ಡಷ್ಟೇ ಪ್ರಶ್ನೆಯಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕ ಚೀನಾಕ್ಕೆ ಚಿಪ್ ವಿನ್ಯಾಸದ ಸಾಫ್ಟ್‌ವೇರ್ ಮಾರಾಟಕ್ಕೆ ತಡೆ ಹಾಕಿತು, ಜುಲೈನಲ್ಲಿ ತೆಗೆಯಿತು. ಇವತ್ತು ಚೀನಾ. ನಾಳೆ?

ಜೇಬಿಗೆ ಹೊರೆಯಾಗದ ದಾರಿ

ಮೊದಲು ಕೈಕ್ಯಾಡ್. ಉಚಿತ, ಮುಕ್ತ ತಂತ್ರಾಂಶ. ಯುರೋಪಿನ ಸರ್ನ್ ಪ್ರಯೋಗಾಲಯ ಇದರ ಬೆಳವಣಿಗೆಗೆ ಕೈಜೋಡಿಸಿದೆ. ಯಾವ ಅಗಲದ ಟ್ರೇಸ್‌ಗೆ ಎಷ್ಟು ಇಂಪಿಡೆನ್ಸ್ ಅಂತ ಲೆಕ್ಕ ಹಾಕುವ ಕ್ಯಾಲ್ಕುಲೇಟರ್ ಅದರಲ್ಲೇ ಇದೆ.

ಎರಡನೆಯದು, ಚಿಪ್ ಕಂಪನಿಗಳೇ ಬಹುಪಾಲು ಪುಕ್ಕಟೆ ಕೊಡುವ ಐಬಿಸ್ ಮಾದರಿಗಳು. ಚಿಪ್‌ನ ಒಳಗುಟ್ಟು ಬಿಡದೆ, ಅದರ ಪಿನ್ ಹೇಗೆ ವರ್ತಿಸುತ್ತೆ ಅಂತ ಹೇಳುವ ಕಡತಗಳಿವು. 2023ರ ಕೈಕ್ಯಾಡ್ 7ರಿಂದ ಇವನ್ನು ಅದರೊಳಗಿನ ಎನ್‌ಜಿಸ್ಪೈಸ್‌ನಲ್ಲಿ ಓಡಿಸಬಹುದು. 20 ಓಮ್‌ನ ಡ್ರೈವರ್, 50 ಓಮ್‌ನ ಟ್ರೇಸ್ ಇದ್ದರೆ ಡ್ರೈವರ್ ಪಕ್ಕದಲ್ಲಿ 30 ಓಮ್ ಆಸುಪಾಸಿನ ರೆಸಿಸ್ಟರ್ ಇಟ್ಟು ನೋಡಿ. ಪ್ರತಿಫಲನ ಇಳಿಯೋದು ಪರದೆ ಮೇಲೇ ಕಾಣುತ್ತೆ. ಎಷ್ಟೋ ಸಾಧಾರಣ ಬೋರ್ಡುಗಳಿಗೆ ಇಷ್ಟು ಸಾಕು.

ವಯಾ, ಕನೆಕ್ಟರ್‌ನಂಥ ಮೂರು ಆಯಾಮದ ಆಕಾರಗಳಿಗೆ ಓಪನ್‌ಇಎಂಎಸ್ ಇದೆ. ಆದರೆ ಕೋಡ್ ಬರೆಯಬೇಕು, ತಾಳ್ಮೆ ಬೇಕು.

ಮಿತಿಯನ್ನೂ ಹೇಳಿಬಿಡಬೇಕು. ಡಿಡಿಆರ್4, ಪಿಸಿಐ ಎಕ್ಸ್‌ಪ್ರೆಸ್ ಮಟ್ಟದ ಬೋರ್ಡಿಗೆ ಈ ಉಚಿತ ಟೂಲ್‌ಗಳು ದುಬಾರಿ ಸಾಫ್ಟ್‌ವೇರ್‌ಗೆ ಸಮ ಅಲ್ಲ. ಅಲ್ಲಿ ಚಿಪ್ ತಯಾರಕರ ಲೇಔಟ್ ಮಾರ್ಗಸೂಚಿಯನ್ನು ಚಾಚೂ ತಪ್ಪದೆ ಪಾಲಿಸಿ, ಕೊನೆಯ ಪರೀಕ್ಷೆಯನ್ನು ಲೈಸೆನ್ಸ್ ಇರುವ ಕನ್ಸಲ್ಟೆಂಟ್ ಹತ್ತಿರ ಮಾಡಿಸೋದು ಲೇಸು. ಕಂಪನಿಗಳ ಉಚಿತ ವಿದ್ಯಾರ್ಥಿ ಆವೃತ್ತಿ ಕಲಿಯಲು ಸರಿ. ಅದರಲ್ಲಿ ವ್ಯಾಪಾರದ ಬೋರ್ಡ್ ಮಾಡುವಂತಿಲ್ಲ.

ಸರ್ಕಾರ ಎಲ್ಲಿ?

ಸರ್ಕಾರ ಸುಮ್ಮನೆ ಕೂತಿಲ್ಲ. ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿರುವ ಚಿಪ್‌ಇನ್ ಕೇಂದ್ರದ ಮೂಲಕ ಕಾಲೇಜುಗಳಿಗೆ, ಆಯ್ದ ಸ್ಟಾರ್ಟಪ್‌ಗಳಿಗೆ ದೊಡ್ಡ ಕಂಪನಿಗಳ ಟೂಲ್ ಸಿಗುತ್ತಿದೆ. ಆದರೆ ಅದರ ಗುರಿ ಚಿಪ್ ವಿನ್ಯಾಸ. ಪೀಣ್ಯದ ಸಣ್ಣ ಶೆಡ್‌ನಲ್ಲಿ ಮೋಟಾರ್ ಕಂಟ್ರೋಲರ್ ಬೋರ್ಡ್ ಮಾಡುವವರು ಆ ಲೆಕ್ಕದಲ್ಲಿಲ್ಲ. ಇನ್ನೊಂದು ಕಡೆ, ಐಐಟಿ ಬಾಂಬೆಯ ಫಾಸಿ ಯೋಜನೆ ಕೈಕ್ಯಾಡ್ ಮತ್ತು ಎನ್‌ಜಿಸ್ಪೈಸ್ ಸೇರಿಸಿ ಇಸಿಮ್ ಎಂಬ ಉಚಿತ ಸಾಫ್ಟ್‌ವೇರ್ ಕಟ್ಟಿದೆ, ಅದೂ ಸಾರ್ವಜನಿಕ ಹಣದಲ್ಲೇ.

ಬಾಡಿಗೆ ಲೈಸೆನ್ಸ್‌ಗೆ ಕೊಟ್ಟ ಹಣ ಅವಧಿ ಮುಗಿದ ದಿನವೇ ಮುಗೀತು. ಓಪನ್‌ಇಎಂಎಸ್‌ನಂಥ ಟೂಲ್‌ಗೆ ಸುಲಭದ ಮುಖ ಕೊಡಲು ಹಾಕಿದ ಹಣ ಉಳಿಯುತ್ತೆ, ಡಿಪ್ಲೊಮಾ ವಿದ್ಯಾರ್ಥಿಗೂ ದಕ್ಕುತ್ತೆ. ನಾವು ಕೇಳಬೇಕಾದ್ದು ಎರಡೇ: ಬೋರ್ಡ್ ಮಾಡುವವರಿಗೂ ಸರ್ಕಾರಿ ಟೂಲ್ ಕೇಂದ್ರದ ಬಾಗಿಲು ತೆರೆಯಲಿ, ಲ್ಯಾಬ್ ಪಠ್ಯದಲ್ಲಿ ಮುಕ್ತ ತಂತ್ರಾಂಶ ಕಡ್ಡಾಯವಾಗಲಿ. ಇಲ್ಲವಾದರೆ ಬೇರೆಯವರು ವಿನ್ಯಾಸ ಮಾಡಿದ ಬೋರ್ಡನ್ನು ನಾವು ಇಲ್ಲಿ ಜೋಡಿಸುತ್ತಾ, ಅದನ್ನೇ ಸ್ವಾವಲಂಬನೆ ಅಂತ ಕರೆದುಕೊಳ್ತಾ ಇರಬೇಕಾಗುತ್ತೆ.